ಮುಚ್ಚಿದರೆ ಮಲಗುತ್ತದೆ

ಬೊಂಬಾಯಿಯ ಫೋರ್ಟಿನಲ್ಲಿದ್ದ ನಮ್ಮ ಆಫೀಸಿಗೆ ಲ್ಯಾಪ್‌ಟಾಪ್ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಬಣ್ಣ ಮತ್ತು ರಾಸಾಯನಿಕಗಳ ವ್ಯಾಪಾರ ಮಾಡುತ್ತಿದ್ದ ನಮ್ಮ ಸೇಠ್ ಅದನ್ನು ಸಿಂಗಾಪುರದಿಂದ ತಂದಿದ್ದರು. ಬೂದು ಬಣ್ಣದ, ಎರಡು ಇಟ್ಟಿಗೆ ಕಟ್ಟಿದಷ್ಟು ಭಾರದ ಯಂತ್ರ. ಹೆಸರಿಗೆ ತೊಡೆಯ ಮೇಲಿಡುವ ಕಂಪ್ಯೂಟರ್. ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ತೊಡೆ ಜೋಮು ಹಿಡಿಯುತ್ತಿತ್ತು. ಹನ್ನೊಂದು ಜನರ ಆಫೀಸಿನಲ್ಲಿ ದಾದರಿನ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದವನು ನಾನೊಬ್ಬನೇ ಆದ್ದರಿಂದ ಅದು ನನ್ನ ಸುಪರ್ದಿಗೆ ಬಂತು. ಅಧಿಕಾರವೆಂದರೆ ಏನು ಎಂದು ನನಗೆ ಮೊದಲು ಗೊತ್ತಾದದ್ದು ಅದನ್ನಿಡುವ ಬೀರುವಿನ ಕೀಲಿ ನನ್ನ ಜೇಬಿಗೆ ಬಿದ್ದ ದಿನ.

ಆ ಕಾಲದ ಬ್ಯಾಟರಿಗೆ ಒಂದು ವಿಚಿತ್ರ ಕಾಯಿಲೆಯಿತ್ತು. ಪೂರ್ತಿ ಬರಿದಾಗುವ ಮೊದಲೇ ಚಾರ್ಜಿಗೆ ಹಾಕುತ್ತ ಬಂದರೆ ಅದು ಆ ಅರ್ಧವನ್ನೇ ನೆನಪಿಟ್ಟುಕೊಂಡು, ಮುಂದೆ ಅರ್ಧವನ್ನೇ ಕೊಡುತ್ತಿತ್ತು. ಅದಕ್ಕೇ ಪ್ರತಿ ಬುಧವಾರ ನಾನು ತಂತಿ ಕಿತ್ತು, ಯಂತ್ರವನ್ನು ಸುಮ್ಮನೆ ಉರಿಯಬಿಟ್ಟು, ತಾನಾಗಿ ಆರುವವರೆಗೆ ಕಾಯುತ್ತಿದ್ದೆ. ಆಫೀಸಿನವರು ಅದನ್ನು ಬ್ಯಾಟರಿಯ ಏಕಾದಶಿ ಎಂದು ಕರೆದರು. ಪರದೆ ಎಷ್ಟು ನಿಮಿಷಕ್ಕೆ ಕಪ್ಪಾಗಬೇಕು, ಒಳಗಿನ ಡಿಸ್ಕ್ ಯಾವಾಗ ತಿರುಗುವುದನ್ನು ನಿಲ್ಲಿಸಬೇಕು, ಯಂತ್ರ ಯಾವಾಗ ನಿದ್ದೆ ಹೋಗಬೇಕು ಎಂಬುದನ್ನೆಲ್ಲ ನಿಗದಿ ಮಾಡುವ ಒಂದು ನೀಲಿ ಪರದೆಯಿತ್ತು. ಅದರೊಳಗೆ ಹೋಗುವ ದಾರಿ ನನಗೆ ಮಾತ್ರ ಗೊತ್ತು, ಯಾರಿಗೂ ಹೇಳಿಕೊಟ್ಟಿರಲಿಲ್ಲ. ಬೊರಿವಲಿಯ ಮನೆಯಲ್ಲೂ ನಾನು ಇದನ್ನೇ ಮಾತಾಡುತ್ತಿದ್ದೆ. ನನ್ನ ಹೆಂಡತಿ ಒಂದು ದಿನ, "ಆ ಡಬ್ಬಾನ ದಿನಾ ಮಲಗಿಸ್ತೀರಿ, ಎಬ್ಬಿಸ್ತೀರಿ. ಮಗೂನ ಒಂದು ದಿನ ಮಲಗಿಸಿದ್ದೀರಾ?" ಎಂದಳು. ನನಗೆ ಅವಮಾನವಾಗಲಿಲ್ಲ. ಮಗು ಯಾರ ಬಳಿಯಾದರೂ ಮಲಗುತ್ತದೆ, ಯಂತ್ರ ನನ್ನ ಮಾತನ್ನು ಮಾತ್ರ ಕೇಳುತ್ತದೆ ಎಂದು ಒಳಗೊಳಗೆ ಬೀಗಿದೆ.

ನಮ್ಮ ಆಫೀಸಿನ ಟೈಪಿಸ್ಟನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಗದಗದ ಕಡೆಯವರು. ಅವರ ಅಪ್ಪ ಬಂದರಿನ ಗೋದಿಯಲ್ಲಿ, ಹಡಗುಕಟ್ಟೆಯಲ್ಲಿ, ಮೂಟೆ ಹೊರಲು ಬಂದವರು. ಮಗ ರಾತ್ರಿ ಶಾಲೆಯಲ್ಲಿ ಟೈಪಿಂಗ್ ಕಲಿತು ಮೂಟೆಯಿಂದ ತಪ್ಪಿಸಿಕೊಂಡಿದ್ದರು. ಇಪ್ಪತ್ತೆರಡು ವರ್ಷ ಅದೇ ಕುರ್ಚಿ, ಅದೇ ಮಷೀನು. ಸಂಜೆ ಹೋಗುವಾಗ ಮಷೀನಿನ ಉರುಳೆಯಲ್ಲಿ ಅರ್ಧ ಹೊಡೆದ ಹಾಳೆಯೊಂದನ್ನು ಬಿಟ್ಟೇ ಹೋಗುತ್ತಿದ್ದರು. ಕೆಲಸ ಮುಗಿದಿದ್ದರೆ ನಾಳೆಯ ಕಾಗದದ ಎರಡು ಸಾಲನ್ನಾದರೂ ಹೊಡೆದಿಡುತ್ತಿದ್ದರು. ಯಂತ್ರವನ್ನು ಬರಿಹೊಟ್ಟೆಯಲ್ಲಿ ಮಲಗಿಸಿದರೆ ಮರುದಿನ ಕೆಲಸ ಸಿಗುವುದಿಲ್ಲ ಎಂದು ಅವರಿಗೆ ಕಲಿಸಿದ ಮಾಸ್ತರರು ಹೇಳಿದ್ದರಂತೆ. ಬೆಳಿಗ್ಗೆ ಬಂದು ಆ ಹಾಳೆಯ ನಿಂತ ಸಾಲಿನಿಂದಲೇ ಶುರು. ಹೊಡೆದದ್ದು ಹೊಡೆದಲ್ಲೇ ಇರುತ್ತದೆ ಎಂಬುದರ ಬಗ್ಗೆ ಅವರಿಗೆ ಎಂದೂ ಸಂಶಯ ಬಂದಿರಲಿಲ್ಲ. ಯಾಕೆ ಬರಬೇಕು?

ಇನ್ನೊಂದು ಕೆಲಸವೂ ಅವರದೇ. ನಮ್ಮದು ಮರದ ಮೆಟ್ಟಿಲಿನ ಹಳೇ ಬಿಲ್ಡಿಂಗ್. ಎಷ್ಟೋ ವರ್ಷದ ಹಿಂದೆ ಒಮ್ಮೆ ವೈರು ಸುಟ್ಟು ಹೊಗೆ ಬಂದಿತ್ತಂತೆ. ಅಂದಿನಿಂದ ಆಫೀಸು ಮುಚ್ಚುವಾಗ ಮೇನ್ ಸ್ವಿಚ್ ಎಳೆದು ಹೋಗುವುದು ಪದ್ಧತಿ. ಕೊನೆಯಲ್ಲಿ ಹೊರಡುವವರು ಕಾಕಾ. ಎಳೆದು, ಆ ಕಬ್ಬಿಣದ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಾಗಿಲು ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆ ಕೈ ಮರೆತದ್ದಿಲ್ಲ.

ಲ್ಯಾಪ್‌ಟಾಪ್ ಬಂದು ಒಂದೂವರೆ ವರ್ಷಕ್ಕೆ ಸೇಠ್ ಫೋರ್ಟಿನ ಆಫೀಸು ಮುಚ್ಚುವುದಾಗಿ ಹೇಳಿದರು. ಬಾಂದ್ರಾದಲ್ಲಿ ಹೊಸ ಪಾಲುದಾರರ ಜೊತೆ ಸಣ್ಣ ಆಫೀಸು. ಪತ್ರವ್ಯವಹಾರಕ್ಕೆ ಅಲ್ಲಿ ಒಂದೇ ಕುರ್ಚಿ. ಅದು ನನ್ನದೇ ಎಂದು ನಾನು ಎದೆಯುಬ್ಬಿಸಿಕೊಂಡು ನಿಂತಿದ್ದೆ. ಸೇಠ್ ನಮ್ಮಿಬ್ಬರನ್ನೂ ಒಳಗೆ ಕರೆದು ನನಗೆ ಹಿಂದಿಯಲ್ಲಿ ಹೇಳಿದರು: "ಇವನು ಹಳೇ ಮನುಷ್ಯ. ಎರಡು ವಾರ ನೀನು ಕಲಿಸು. ಪಾಲುದಾರರ ವರದಿಯನ್ನು ಇವನು ಒಬ್ಬನೇ ಅದರಲ್ಲಿ ಟೈಪ್ ಮಾಡಿ, ಅವರ ಮುಂದೆ ತೆಗೆದು ತೋರಿಸಿದರೆ ಬಾಂದ್ರಾಕ್ಕೆ ಇವನು. ಆಗದಿದ್ದರೆ ನೀನು."

ನನ್ನ ಕುರ್ಚಿಯನ್ನು ಕಿತ್ತುಕೊಳ್ಳುವುದು ಹೇಗೆಂದು ನಾನೇ ಹೇಳಿಕೊಡಬೇಕು. ದೊಡ್ಡವರಿಗೆ ಇಂಥ ಐಡಿಯಾಗಳು ಬರುವುದು ಊಟವಾದ ಮೇಲೆ.

ಆ ಕುರ್ಚಿ ತಪ್ಪಿದರೆ ಕಾಕಾಗೆ ಹೋಗುವುದು ಬರೀ ಕೆಲಸವಲ್ಲ. ಪರೇಲಿನ ಚಾಳಿನಲ್ಲಿ ಅವರಿದ್ದ ಕೋಣೆ ಕಂಪನಿಯ ಹೆಸರಿನಲ್ಲಿತ್ತು. ಕೆಲಸವಿರುವವರೆಗೆ ಕೋಣೆ. ಹೆಂಡತಿ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಎಲ್ಲರೂ ಆ ಒಂದು ಕೋಣೆಯಲ್ಲಿ. ಐವತ್ತಮೂರರ ಟೈಪಿಸ್ಟನ್ನು ಬೊಂಬಾಯಿಯಲ್ಲಿ ಇನ್ಯಾರು ಕರೆಯುತ್ತಾರೆ? ನನ್ನ ಮಾತು ಬೇರೆ. ನನಗೆ ಮೂವತ್ತೊಂದು, ಕಂಪ್ಯೂಟರ್ ಗೊತ್ತು, ಅಂಧೇರಿಯಲ್ಲಿ ಗೆಳೆಯನೊಬ್ಬ ಬಾ ಬಾ ಎನ್ನುತ್ತಿದ್ದ. ನನಗೆ ಆ ಕುರ್ಚಿ ಹೋದರೆ ಇನ್ನೊಂದು ಸಿಗುತ್ತಿತ್ತು. ಇದು ನನಗೆ ಆಗಲೇ ಗೊತ್ತಿತ್ತು. ಆಮೇಲೆ ಹೊಳೆದ ಬುದ್ಧಿಯಲ್ಲ.

ಅವರು ಮಂದಬುದ್ಧಿಯವರಾಗಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ದಿನಾ ತಾಳ್ಮೆಯಿಂದ ಹೇಳಿಕೊಟ್ಟು, ಕೊನೆಗೆ ಪಾಪ ಎಂದು ತಲೆಯಾಡಿಸಿ ಬಾಂದ್ರಾಕ್ಕೆ ಹೋಗುತ್ತಿದ್ದೆ. ಆದರೆ ಅವರು ನಾಲ್ಕನೇ ದಿನಕ್ಕೇ ನನಗಿಂತ ವೇಗವಾಗಿ ಹೊಡೆಯತೊಡಗಿದರು. ಬೆರಳುಗಳಿಗೆ ಇಪ್ಪತ್ತೆರಡು ವರ್ಷದ ಪಳಗು. ಅಳಿಸುವುದು, ಸಾಲು ಸೇರಿಸುವುದು, ಪ್ರಿಂಟ್ ತೆಗೆಯುವುದು ಎಲ್ಲ ಬಂತು. "ಭಾಳ ಛಲೋ ಐತಿ ತಮ್ಮಾ ಇದು. ತಪ್ಪ ಹೊಡದ್ರ ಬಿಳಿ ಬಣ್ಣ ಹಚ್ಚೂದು ಬ್ಯಾಡ," ಎಂದು ಮಕ್ಕಳಂತೆ ನಕ್ಕರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ನಗುವಿಗೆ.

ಆವತ್ತೇ ನಾನು ನೀಲಿ ಪರದೆಗೆ ಹೋಗಿ, ಹತ್ತು ನಿಮಿಷವಿದ್ದ ನಿದ್ದೆಯ ಸಮಯವನ್ನು ಒಂದು ನಿಮಿಷಕ್ಕೆ ಇಳಿಸಿದೆ. ಸೇಠರ ಕೈಬರಹವನ್ನು ಓದಲು ಕಾಕಾ ತಲೆ ತಗ್ಗಿಸಿದರೆ ಸಾಕು, ಯಂತ್ರ ಕಪ್ಪಾಗುತ್ತಿತ್ತು. ಅವರು ಕುರ್ಚಿಯಿಂದ ಎದ್ದು ನಿಂತುಬಿಡುತ್ತಿದ್ದರು, ಏನೋ ಒಡೆದುಹಾಕಿದೆ ಎಂಬ ಮುಖ ಮಾಡಿಕೊಂಡು. ಆಫೀಸೆಲ್ಲ ನಗುತ್ತಿತ್ತು. "ಕಾಕಾ, ನಿಮ್ಮನ್ನ ಕಂಡ್ರೆ ಅದಕ್ಕೆ ನಿದ್ದೆ ಬರುತ್ತೆ ಕಣ್ರೀ" ಎಂದು ನಾನು ದೊಡ್ಡದಾಗಿ ಹೇಳುತ್ತಿದ್ದೆ. ಮೂರು ದಿನ ಹೀಗೆ ಕುಣಿಸಿದೆ. ನಾಲ್ಕನೇ ದಿನ ನೋಡಿದರೆ ಅವರು ಓದುತ್ತಿರುವಾಗ ಎಡಗೈ ಕಿರುಬೆರಳಿನಿಂದ ಶಿಫ್ಟ್ ಕೀಯನ್ನು ಆಗಾಗ ಮೆಲ್ಲಗೆ ಮುಟ್ಟುತ್ತಿದ್ದರು. ಯಂತ್ರ ಎಚ್ಚರವಾಗೇ ಇತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಕಂಡುಕೊಂಡದ್ದು. ಅದನ್ನು ನೋಡಿ ನನಗೆ ಭಯವಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೇ ಉಣ್ಣುತ್ತಿದ್ದೆವು. ಮೊದಲೆಲ್ಲ ನಾನು ಕೆಳಗಿನ ಉಡುಪಿ ಹೋಟೆಲಿಗೆ ಹೋಗುತ್ತಿದ್ದೆ. ಆ ಎರಡು ವಾರ ಕಾಕಾ ಬಿಡಲಿಲ್ಲ. ಕಲಿಸುವವನು ಹೊರಗೆ ಉಣ್ಣಬಾರದು ಎಂದು ಅವರ ಮನೆಯಾಕೆ ನನಗೂ ಸೇರಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟುತ್ತಿದ್ದರು. ನಾನು ಮೈಸೂರಿನವನು, ರೊಟ್ಟಿ ಮುರಿಯಲು ಬರುವುದಿಲ್ಲ ಎಂದು ಅವರು ಮುರಿದು ಕೊಡುತ್ತಿದ್ದರು. ಚೆನ್ನಾಗಿ ತಿಂದೆ. ಉಂಡ ಮನೆಯ ಜಂತೆ ಎಣಿಸುವವನು ಎನ್ನುತ್ತಾರಲ್ಲ, ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನು ನಾನು.

ಹಾಗೆ ಉಣ್ಣುತ್ತಿದ್ದಾಗಲೇ ಒಮ್ಮೆ ಅವರು ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಯನ್ನು ತೋರಿಸಿ ಕೇಳಿದರು. "ತಮ್ಮಾ, ನೀ ಕೆಲಸ ಮುಗದ ಮ್ಯಾಲೆ ಇದನ್ನ ಒತ್ತಿ ಏನೋ ಹೆಸರು ಬರೀತಿ. ನಂಗ ಅದನ್ನ ಹೇಳಿಲ್ಲಲ್ಲ?"

ಅದು ಬರೆದದ್ದನ್ನು ಡಿಸ್ಕಿಗೆ ಇಳಿಸಿ ಉಳಿಸುವ ಕೀ. ಸೇವ್ ಮಾಡುವುದು. ಮೊದಲ ದಿನ ಕಲಿಸಬೇಕಾದದ್ದು. ನಾನು ಬಾಯಲ್ಲಿದ್ದ ರೊಟ್ಟಿ ನುಂಗಿ ಹೇಳಿದೆ, "ಅದು ಮಷೀನನ್ನ ಪೂರ್ತಿ ಆಫ್ ಮಾಡೋವಾಗ ಬೇಕಾಗೋದು ಕಾಕಾ. ನೀವು ಆಫ್ ಮಾಡೋದೇ ಬೇಡ. ಮುಚ್ಚಿಬಿಡಿ, ಮಲಗುತ್ತೆ. ತೆಗೆದರೆ ಎಲ್ಲಿ ಬಿಟ್ಟಿದ್ರೋ ಅಲ್ಲೇ ಇರುತ್ತೆ."

ಅವರ ಮುಖ ಅರಳಿತು. "ಅಂದ್ರ ನನ್ನ ಮಷೀನಿನ ಹಂಗನ. ಹಾಳಿ ಬಿಟ್ಟು ಹೋದಂಗ."

"ಹೂಂ. ಥೇಟ್ ಹಂಗೇ."

ನಾನು ಹೇಳಿದ್ದರಲ್ಲಿ ಸುಳ್ಳು ಹುಡುಕಿದರೆ ಸಿಗುವುದಿಲ್ಲ. ಮಲಗಿದ ಯಂತ್ರ ಬರೆದದ್ದನ್ನೆಲ್ಲ ತಲೆಯಲ್ಲಿ ಹಿಡಿದುಕೊಂಡಿರುತ್ತದೆ ನಿಜ. ಆದರೆ ಹಿಡಿದುಕೊಂಡಿರಲು ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರುತ್ತದೆ. ಬ್ಯಾಟರಿ ಮುಗಿದ ಗಳಿಗೆ ಎಲ್ಲವನ್ನೂ ಕೈಬಿಡುತ್ತದೆ. ನಮ್ಮ ಬ್ಯಾಟರಿ ಆ ಹೊತ್ತಿಗೆ ಸೊರಗಿತ್ತು. ಮಲಗಿಸಿಟ್ಟರೆ ಎಷ್ಟು ಹೊತ್ತು ಬದುಕಿರುತ್ತದೆ ಎಂದು ನಾನು ಮೂರು ಸಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಒಂದು ರಾತ್ರಿ ದಾಟುತ್ತಿತ್ತು. ಎರಡು ದಾಟುತ್ತಿರಲಿಲ್ಲ. ಈ ವಿಷಯ ತಿಳಿದಿದ್ದವನು ಆ ಆಫೀಸಿನಲ್ಲಿ ನಾನೊಬ್ಬನೇ.

ವರದಿ ಹದಿನಾಲ್ಕು ಪುಟ. ಕಾಕಾ ಅದನ್ನು ಶುಕ್ರವಾರ ಶುರು ಮಾಡಿದರು. ಸೋಮವಾರ ಹನ್ನೊಂದು ಗಂಟೆಗೆ ಪಾಲುದಾರರು ಬರುವವರಿದ್ದರು. ಷರತ್ತಿನಂತೆ ನಾನು ಯಂತ್ರವನ್ನು ಮುಟ್ಟಲಿಲ್ಲ. ಸಂಜೆ ಅವರು ಮುಚ್ಚಳ ಮುಚ್ಚಿ, ಬೀರುವಿನಲ್ಲಿಟ್ಟು ಹೋದರು. ಶನಿವಾರ ಬೆಳಿಗ್ಗೆ ತೆಗೆದರೆ ಆರನೇ ಪುಟದ ಅರ್ಧ ಸಾಲು ಇದ್ದಲ್ಲೇ ಮಿಣುಕುತ್ತಿತ್ತು. "ಐತಿ ತಮ್ಮಾ, ಐತಿ," ಎಂದು ನನ್ನ ಭುಜ ತಟ್ಟಿದರು. ಒಂದು ರಾತ್ರಿ ದಾಟಿತ್ತು, ನನ್ನ ಲೆಕ್ಕದಂತೆಯೇ.

ಶನಿವಾರ ಅರ್ಧ ದಿನ. ಎರಡು ಗಂಟೆಗೆ ಎಲ್ಲರೂ ಹೋದರು. ಕಾಕಾ ಕೂತು ಹದಿನಾಲ್ಕನೇ ಪುಟದ ಕೊನೆಗೆ ಬಂದರು. ಪ್ರಿಂಟ್ ತೆಗೆಯಬಹುದಿತ್ತು. ಆದರೆ ಕೊನೆಯ ಎರಡು ಸಾಲನ್ನು ಬೇಕೆಂದೇ ಉಳಿಸಿಕೊಂಡರು. ಯಂತ್ರದ ಹೊಟ್ಟೆ ಖಾಲಿ ಬಿಡಬಾರದಲ್ಲ. ಸೋಮವಾರ ಬೆಳಿಗ್ಗೆ ಆ ಎರಡು ಸಾಲು ಹೊಡೆದು, ಪಾಲುದಾರರ ಕಣ್ಣೆದುರೇ ಬಿಸಿಬಿಸಿ ಪ್ರಿಂಟ್ ತೆಗೆದುಕೊಡುವುದು ಅವರ ಆಸೆ. ನಾನು ಯಾಕೆ ಉಳಿದಿದ್ದೆ ಎಂದು ನನ್ನನ್ನೇ ಕೇಳಿದರೆ, ನೋಡಲು ಉಳಿದಿದ್ದೆ.

ಅವರು ಮುಚ್ಚಳ ಮುಚ್ಚಿದರು. ಬೀರುವಿಗೆ ಒಯ್ಯಲಿಲ್ಲ. "ಇವತ್ತು ಎರಡು ರಾತ್ರಿ ಇರಬೇಕಲ್ಲ ಇದು. ಕರೆಂಟಿಗೆ ಹಚ್ಚಿಟ್ಟ ಹೋಗೂಣು," ಎಂದರು. ತಂತಿ ಸಿಕ್ಕಿಸಿದರು. ಹಸಿರು ದೀಪ ಹತ್ತಿತು. ಇದನ್ನೂ ತಾವೇ ಯೋಚಿಸಿದ್ದರು. ಅಷ್ಟೇ ಸಾಕಾಗಿತ್ತು, ಬಾಂದ್ರಾ ಅವರದಾಗಿತ್ತು.

ಆಮೇಲೆ ಕೊಡೆ, ಡಬ್ಬಿ ತೆಗೆದುಕೊಂಡು ಬಾಗಿಲ ಬಳಿ ಬಂದರು. ಇಪ್ಪತ್ತೆರಡು ವರ್ಷದ ಕೈ ತಾನಾಗಿಯೇ ಮೇಲೆದ್ದು ಮೇನ್ ಸ್ವಿಚ್ಚನ್ನು ಎಳೆಯಿತು.

ಫ್ಯಾನು ನಿಧಾನವಾಯಿತು. ಮೇಜಿನ ಮೇಲಿನ ಹಸಿರು ದೀಪ ಕಿತ್ತಳೆಯಾಯಿತು, ಯಂತ್ರ ಬ್ಯಾಟರಿಗೆ ಬಿದ್ದಿತ್ತು. ಅವರು ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಂದು ಗಳಿಗೆ ಅಲ್ಲೇ ನಿಂತರು, ಮೇಜಿನ ಕಡೆ ನೋಡಿ, ತಿರುಗಿ ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದೆ.

"ನಡೀರಿ ಕಾಕಾ," ಎಂದೆ. "ನನಗೆ ಬೊರಿವಲಿ ಫಾಸ್ಟ್ ಟ್ರೈನ್ ತಪ್ಪುತ್ತೆ."

ಆ ಭಾನುವಾರ ನಾನು ಚೆನ್ನಾಗಿ ಉಂಡು ಮಲಗಿದೆ. ಮಧ್ಯಾಹ್ನ ಮೂರಕ್ಕೆ ಎಚ್ಚರವಾದಾಗ ಗಡಿಯಾರ ನೋಡಿ, ಈಗ ಮುಗಿದಿರಬೇಕು ಎಂದುಕೊಂಡೆ. ಸಂತೋಷವಾಯಿತು. ಇದನ್ನು ಬೇರೆ ಪದದಲ್ಲಿ ಹೇಳಲು ನನಗೆ ಬರುವುದಿಲ್ಲ.

ಸೋಮವಾರ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಬಂದವರೇ ತೆಗೆದು ನೋಡಿದ್ದರೆ ಸೇಠರ ಕೈಕಾಲು ಹಿಡಿದು ಒಂದು ದಿನ ಕೇಳಬಹುದಿತ್ತೇನೋ. ಆದರೆ ಎಲ್ಲರ ಮುಂದೆ ತೆಗೆಯಬೇಕೆಂದು ಕಾದರು. ಹನ್ನೊಂದಕ್ಕೆ ಸೇಠ್ ಮತ್ತು ಇಬ್ಬರು ಪಾಲುದಾರರು ಮೇಜಿನ ಸುತ್ತ ನಿಂತರು. ಕಾಕಾ ಮುಚ್ಚಳ ತೆಗೆದರು. ಪರದೆ ಕಪ್ಪು. ಶಿಫ್ಟ್ ಕೀ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ತಮ್ಮಾ, ಇನ್ನೂ ಮಲಗೇತಿ ನೋಡು. ಎಬ್ಬಿಸು."

ನಾನು ಹೋಗಿ ಬಟನ್ ಒತ್ತಿದೆ. ಯಂತ್ರ ಹುಟ್ಟಿದಾರಭ್ಯ ಏನೂ ಗೊತ್ತಿಲ್ಲದಂತೆ ಎದ್ದು ಕೂತಿತು. ಖಾಲಿ ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಏನೂ ಇಲ್ಲವೆಂದು ಗೊತ್ತಿದ್ದೂ ಐದು ನಿಮಿಷ ಆ ಕೀ ಈ ಕೀ ಒತ್ತಿ ಹುಡುಕುವ ನಾಟಕ ಮಾಡಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಹೋಗಿದೆ ಕಾಕಾ," ಎಂದೆ.

ಸೇಠ್ ಕೇಳಿದರು, "ಸೇವ್ ನಹೀಂ ಕಿಯಾ?"

ಕಾಕಾಗೆ ಆ ಶಬ್ದದ ಅರ್ಥ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೇಲಿನ ಸಾಲಿನ ಆ ಕೀಯನ್ನು ನೋಡಿದರು. ನಾನು ಕಾದೆ. ಇವನು ಹೇಳಿಕೊಡಲಿಲ್ಲ ಸಾಹೇಬ್ ಎಂದು ಒಂದು ಮಾತು ಬಂದರೆ ನನ್ನ ಗತಿ ಮುಗಿದಂತೆ. ಅವರು, "ಭೂಲ್ ಗಯಾ ಸಾಬ್" ಎಂದರು. ಮರೆತೆ.

ಪಾಲುದಾರರಲ್ಲೊಬ್ಬ ನಕ್ಕ. ಸೇಠ್ ಕೈಬರಹದ ಕಟ್ಟನ್ನು ಎತ್ತಿ ನನ್ನ ಮುಂದೆ ಹಾಕಿದರು. ಸಂಜೆಯೊಳಗೆ ಹದಿನಾಲ್ಕೂ ಪುಟ ಹೊಡೆದು ಮುಗಿಸಿದೆ. ಶಾಭಾಶ್ ಎನಿಸಿಕೊಂಡೆ. ಕಾಕಾ ಗೋಡೆಯ ಪಕ್ಕದ ತಮ್ಮ ಹಳೇ ಮಷೀನಿನ ಮುಂದೆ ಸಂಜೆಯವರೆಗೆ ಕೂತಿದ್ದರು. ಅವರಿಗೆ ಹೊಡೆಯಲು ಏನೂ ಇರಲಿಲ್ಲ. ನನ್ನ ಪಾಲಿನ ರೊಟ್ಟಿಯ ಡಬ್ಬಿ ಆವತ್ತೂ ಬಂದಿತ್ತು. ಮಧ್ಯಾಹ್ನ ಅದನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಅವರು ಗುಟ್ಟು ಕಾಯ್ದರಲ್ಲ ಎಂದು ನನಗೆ ಕೃತಜ್ಞತೆ ಹುಟ್ಟಲಿಲ್ಲ. ಹೇಡಿ, ಬಾಯಿದ್ದೂ ಮಾತಾಡಲಿಲ್ಲ ಎಂದು ತಿರಸ್ಕಾರ ಹುಟ್ಟಿತು. ತಪ್ಪು ಮಾಡಿದವನಿಗೆ ಎದುರಿನವನನ್ನು ಕೀಳಾಗಿ ಕಂಡರೆ ಮಾತ್ರ ನಿದ್ದೆ ಬರುತ್ತದೆ.

ತಿಂಗಳ ಕೊನೆಗೆ ಫೋರ್ಟಿನ ಆಫೀಸು ಮುಚ್ಚಿತು. ನಾನು ಬಾಂದ್ರಾದ ಕುರ್ಚಿಯಲ್ಲಿ ಕೂತೆ. ಕಿಟಕಿಯ ಪಕ್ಕದ ಕುರ್ಚಿ, ತಲೆಯ ಮೇಲೆ ಹೊಸ ಫ್ಯಾನು. ಎರಡನೇ ವಾರ ಸೇಠ್ ನನ್ನನ್ನು ಕರೆದು, ಪರೇಲಿನ ಕೋಣೆ ಇವತ್ತು ಖಾಲಿಯಾಗುತ್ತದೆ, ಹೋಗಿ ಕೀ ತೆಗೆದುಕೊಂಡು ಬಾ, ಎರಡೂ ಕೀ, ಎಂದರು. ಬೇರೆ ಯಾರನ್ನಾದರೂ ಕಳಿಸಿ ಎನ್ನಬಹುದಿತ್ತು. ಹೊಸ ಕುರ್ಚಿಯವನು ಹಾಗೆಲ್ಲ ಅನ್ನುವುದಿಲ್ಲ.

ಚಾಳಿನ ಮೂರನೇ ಮಹಡಿಯ ಉದ್ದ ಗ್ಯಾಲರಿಯಲ್ಲಿ ಪಾತ್ರೆಯ ಮೂಟೆ, ಟ್ರಂಕು, ಸುತ್ತಿದ ಹಾಸಿಗೆಗಳು ಸಾಲಾಗಿ ಇದ್ದವು. ಅತ್ತೆಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಬೀಳದಂತೆ ಸೀರೆಯಿಂದ ಕಟ್ಟಿದ್ದರು. ಅಕ್ಕಪಕ್ಕದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾಲಾಸೋಪಾರಾದಲ್ಲಿ ಹೆಂಡತಿಯ ತಮ್ಮನ ಮನೆಗೆ ಹೊರಟಿದ್ದರು, ಅಲ್ಲಿ ಅಡುಗೆಮನೆಯಲ್ಲಿ ಜಾಗ ಕೊಡುತ್ತಾನಂತೆ. ಕಾಕಾರ ಹೆಂಡತಿಯನ್ನು ನಾನು ಕಂಡದ್ದು ಅದೇ ಮೊದಲು. "ಇವನ ಏನ್ರಿ ನಿಮಗ ಕಲಿಸಿದಾಂವ?" ಎಂದು ಗಂಡನನ್ನು ಕೇಳಿ, ನನ್ನ ಕಡೆ ತಿರುಗಿ, "ನೀ ಭಾಳ ಕಷ್ಟಪಟ್ಟಿ ತಮ್ಮಾ. ಇವರ ಹಣಿಬಾರದಾಗ ಇರಲಿಲ್ಲ," ಎಂದರು. ಅಂದರೆ ಕಾಕಾ ಮನೆಯಲ್ಲೂ ಹೇಳಿರಲಿಲ್ಲ.

ಕಾಕಾ ನನ್ನನ್ನು ಗ್ಯಾಲರಿಯ ಕೊನೆಗೆ ಕರೆದುಕೊಂಡು ಹೋದರು. ಜೇಬಿನಿಂದ ಕೀ ತೆಗೆದು ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಆ ಶನಿವಾರ ನಾ ಸ್ವಿಚ್ ಎಳದ ಮ್ಯಾಲೆ ದೀಪದ ಬಣ್ಣ ಬದಲಾತು. ನಾನೂ ನೋಡಿದೆ ತಮ್ಮಾ. ಏನೋ ತಪ್ಪೇತಿ, ಮತ್ತ ಸ್ವಿಚ್ ಏರಸೂಣು ಅಂತ ಕೈ ಎತ್ತಾಂವ ಇದ್ದೆ. ಅಷ್ಟರಾಗ ನಿನ್ನ ಮುಖ ನೋಡಿದೆ. ತಪ್ಪಾಗಿದ್ರ ಇಂವ ಹೇಳ್ತಾನ, ಸುಮ್ಮನ ಅದಾನಂದ್ರ ಎಲ್ಲಾ ಬರೋಬರಿ ಐತಿ ಅಂತ ತಿಳಕೊಂಡು ನಿನ್ನ ಬೆನ್ನ ಹತ್ತಿ ಬಂದೆ."

ಅಷ್ಟು ಹೇಳಿ ಕೀಯನ್ನು ನನ್ನ ಕೈಗಿಟ್ಟರು. ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಹೇಳಬೇಕಾದ ಒಂದು ಮಾತಿತ್ತು. ಅದನ್ನು ಇವತ್ತಿಗೂ ಹೇಳಿಲ್ಲ. ಆಗ ನನ್ನ ಬಾಯಿಂದ ಬಂದದ್ದು ಇದು:

"ಕಾಕಾ, ಕಂಪನಿ ಎರಡು ಕೀ ಕೇಳಿದೆ. ಇನ್ನೊಂದೆಲ್ಲಿ?"

ಅವರು ನನ್ನನ್ನು ನೋಡಿದರು. ಆಮೇಲೆ ಹೆಂಡತಿಯನ್ನು ಕರೆದರು. ಆಕೆ ಬಂದು, ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ ಎರಡನೇ ಕೀಯನ್ನು ನನಗೆ ಕೊಟ್ಟು, ಸ್ಟೋವ್ ಇನ್ನೂ ಕಟ್ಟಿಲ್ಲ, ಒಂದು ಕಪ್ ಚಾ ಕುಡಿದು ಹೋಗು ಎಂದರು.